ಎರಡನೇ ಕಾರಿನ ಮೊದಲ ಪ್ರಶ್ನೆ

ಸೆಡಾನೋ ಕ್ರಾಸ್‌ಓವರೋ ಎಂದು ಷೋರೂಮಿನಲ್ಲಿ ತಲೆ ಕೆಡಿಸಿಕೊಳ್ಳುವ ಮುನ್ನ, ಕಾರು ಯಾವ ರಸ್ತೆಯಲ್ಲಿ ಯಾವ ವೇಗದಲ್ಲಿ ಓಡಲಿದೆ ಎಂಬ ಲೆಕ್ಕ ಹಾಕಿಕೊಳ್ಳುವುದು ಲೇಸು.

ಮನೆಯಲ್ಲಿ ಆಗಲೇ ಒಂದು ಪೆಟ್ರೋಲ್ ಕಾರಿದೆ. ಎರಡನೆಯದು ವಿದ್ಯುತ್ ಕಾರೇ ಆಗಲಿ ಎಂಬಲ್ಲಿಗೆ ಮನೆಯವರೆಲ್ಲ ಒಪ್ಪಿದ್ದಾರೆ. ಅಲ್ಲಿಂದ ಮುಂದೆ ಮಾತು ಕವಲೊಡೆಯುತ್ತದೆ. ಕಾರುಗಳ ಬಗ್ಗೆ ಓದಿಕೊಂಡವರು ಸೆಡಾನ್ ತೆಗೆದುಕೊಳ್ಳಿ ಎನ್ನುತ್ತಾರೆ. ತಗ್ಗಿನ ಮೈ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಅದೇ ಬ್ಯಾಟರಿಯಲ್ಲಿ ಹೆಚ್ಚು ಕಿಲೋಮೀಟರ್ ಸಿಗುತ್ತದೆ ಎಂಬುದು ಅವರ ವಾದ. ಷೋರೂಮಿನವರು ತೋರಿಸುವುದು ಮಾತ್ರ ಸಾಲು ಸಾಲು ಕ್ರಾಸ್‌ಓವರ್‌ಗಳನ್ನು. ಜೀಪಿನ ಗತ್ತು ಮುಖದಲ್ಲಿದ್ದರೂ ಇವುಗಳ ಹುಟ್ಟು ಕಾರಿನದೇ: ಕಾರಿನ ತಳಹದಿ, ಅದರ ಮೇಲೆ ಕೊಂಚ ಎತ್ತರಿಸಿದ ಮೈ. ನಮ್ಮಲ್ಲಿ ಇವುಗಳನ್ನೂ ಎಸ್‌ಯುವಿ ಎಂದೇ ಕರೆದು ಮಾರುತ್ತಾರೆ. ಓದಿಕೊಂಡವರ ವಾದ ಸುಳ್ಳಲ್ಲ, ಆದರೆ ಅದು ಹೆದ್ದಾರಿಗೆ ಸಲ್ಲುವ ವಾದ. ಬೆಂಗಳೂರಿನಂಥ ಊರಿನಲ್ಲಿ ಎರಡನೇ ಕಾರಾಗಿ ಬರುವ ವಿದ್ಯುತ್ ಕಾರಿಗೆ ಆ ಲಾಭ ದಕ್ಕುವ ಸಂದರ್ಭ ತೀರ ಕಡಿಮೆ. ಅಲ್ಲಿ ಸಣ್ಣ ಕ್ರಾಸ್‌ಓವರ್ ಮೇಲು. ಸಣ್ಣದು ಎಂಬ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಮೊದಲು ‘ಎರಡನೇ ಕಾರು’ ಎಂಬ ಹೆಸರನ್ನೇ ಸ್ವಲ್ಪ ಅನುಮಾನಿಸೋಣ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಊರೊಳಗಿನ ಮೈಲೇಜ್ 13 ಕಿಲೋಮೀಟರ್ ಎಂದು ಹಿಡಿದರೆ, ತಿಂಗಳಿಗೆ 800 ಕಿಲೋಮೀಟರ್ ಓಡಾಟಕ್ಕೆ ಆರು ಸಾವಿರ ರೂಪಾಯಿ ದಾಟುತ್ತದೆ. ನೂರು ಕಿಲೋಮೀಟರಿಗೆ 15 ಯೂನಿಟ್ ಬಳಸುವ ವಿದ್ಯುತ್ ಕಾರು ಅಷ್ಟೇ ದೂರಕ್ಕೆ ತೆಗೆದುಕೊಳ್ಳುವುದು 120 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ಸುಮಾರು 840 ರೂಪಾಯಿ. ಇಷ್ಟು ಅಂತರವಿದ್ದಾಗ ಬೆಳಿಗ್ಗೆ ಮನೆಯಿಂದ ಹೊರಡುವವರ ಕೈ ಯಾವ ಕೀಲಿಯತ್ತ ಹೋಗುತ್ತದೆಂದು ಬೇರೆ ಹೇಳಬೇಕಿಲ್ಲ. ಕಚೇರಿ, ಶಾಲೆ, ತರಕಾರಿ, ಆಸ್ಪತ್ರೆ, ಮದುವೆಮನೆ ಎಲ್ಲದಕ್ಕೂ ವಿದ್ಯುತ್ ಕಾರೇ ಮುಂದೆ. ಪೆಟ್ರೋಲ್ ಕಾರು ಧರ್ಮಸ್ಥಳಕ್ಕೋ ಹಂಪಿಗೋ ಹೊರಟ ದಿನ ಮಾತ್ರ ಹೊದಿಕೆ ಸರಿಸಿಕೊಂಡು ಎದ್ದೇಳುತ್ತದೆ. ಕೊಂಡ ತಾರೀಖಿನಲ್ಲಿ ಎರಡನೆಯದಾದ ಕಾರು ಓಟದಲ್ಲಿ ಮೊದಲನೆಯದಾಗುತ್ತದೆ, ಮತ್ತು ಆ ಓಟವೆಲ್ಲ ಊರೊಳಗಿನದು. ಆಕಾರದ ತೀರ್ಮಾನ ಇದರ ಮೇಲೆ ನಿಲ್ಲಬೇಕು.

ಸೆಡಾನ್ ಪರವಾದ ಸಾಕ್ಷ್ಯವನ್ನು ಅದರ ಪೂರ್ಣ ಬಲದಲ್ಲೇ ನೋಡೋಣ. ಒಂದೇ ಕಂಪನಿ, ಒಂದೇ ತಳಹದಿ, ಒಂದೇ ಬ್ಯಾಟರಿಯ ಮೇಲೆ ಎರಡೂ ಆಕಾರಗಳನ್ನು ಕಟ್ಟಿದ ಉದಾಹರಣೆ ಸಿಕ್ಕರೆ ಹೋಲಿಕೆ ಸ್ವಚ್ಛವಾಗಿರುತ್ತದೆ. ಹುಂಡೈನ ಅಯಾನಿಕ್ 5 ಮತ್ತು ಅಯಾನಿಕ್ 6 ಅಂಥ ಜೋಡಿ. ಮೊದಲನೆಯದು ಕ್ರಾಸ್‌ಓವರ್, ಎರಡನೆಯದು ಸೆಡಾನ್. ಅಮೆರಿಕದ 2023ರ ಮಾದರಿಗಳಲ್ಲಿ ಎರಡಕ್ಕೂ 77.4 ಕಿಲೋವ್ಯಾಟ್ ಅವರ್ ಬ್ಯಾಟರಿ, ಹಿಂಬದಿ ಚಕ್ರ ತಿರುಗಿಸುವ ಒಂದೇ ಶಕ್ತಿಯ ಮೋಟರ್. ಗಾಳಿಗೆ ಎಷ್ಟು ಸಲೀಸಾಗಿ ದಾರಿ ಬಿಡುತ್ತದೆ ಎಂದು ಅಳೆಯುವ ಅಂಕಿ ಕ್ರಾಸ್‌ಓವರ್‌ಗೆ 0.288, ಸೆಡಾನ್‌ಗೆ 0.21; ಈ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ಅಲ್ಲಿನ ಪರಿಸರ ಸಂಸ್ಥೆಯ ಪರೀಕ್ಷೆಯಲ್ಲಿ ಕ್ರಾಸ್‌ಓವರ್ ಒಂದು ಚಾರ್ಜಿಗೆ 303 ಮೈಲಿ, ಅಂದರೆ ಸುಮಾರು 488 ಕಿಲೋಮೀಟರ್ ಓಡಿತು; ಸೆಡಾನ್ 361 ಮೈಲಿ, ಸುಮಾರು 581 ಕಿಲೋಮೀಟರ್. ಒಂದೇ ಬ್ಯಾಟರಿಯಿಂದ 93 ಕಿಲೋಮೀಟರ್ ಹೆಚ್ಚು. ಸೆಡಾನ್ ಪಕ್ಷಪಾತಿಗಳಿಗೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಆದರೆ ಅದೇ ಪರೀಕ್ಷೆಯ ಒಳಗಿನ ಅಂಕಿಗಳನ್ನು ಬಿಡಿಸಿ ನೋಡಿದರೆ ಕಥೆ ಬೇರೆಯಾಗುತ್ತದೆ. ಹೆದ್ದಾರಿಯ ಓಟದಲ್ಲಿ ಸೆಡಾನ್‌ನ ಮೇಲುಗೈ ಸುಮಾರು ಶೇ 30. ನಗರದ ಓಟದಲ್ಲಿ ಅದು ಶೇ 16ಕ್ಕೆ ಇಳಿಯುತ್ತದೆ. ಕಾರಣ ಸರಳ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಈ ಎರಡು ಕಾರುಗಳ ಅಗಲ, ಎತ್ತರ ಹಿಡಿದು ಲೆಕ್ಕ ಹಾಕಿದರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೆಡಾನ್ ಆಕಾರದಿಂದ ಉಳಿಯುವುದು ನೂರು ಕಿಲೋಮೀಟರಿಗೆ ಸುಮಾರು ಮೂರು ಯೂನಿಟ್. 40ರ ವೇಗದಲ್ಲಿ ಉಳಿಯುವುದು ಅರ್ಧ ಯೂನಿಟ್. ಮನೆಯ ದರದಲ್ಲಿ ಹೇಳುವುದಾದರೆ ನೂರು ಕಿಲೋಮೀಟರಿಗೆ ಮೂರೂವರೆ ರೂಪಾಯಿ. ದರ್ಶಿನಿಯಲ್ಲಿ ಅರ್ಧ ಕಾಫಿಗೂ ಸಾಲದು. ಇನ್ನೊಂದು ಸ್ವಾರಸ್ಯವಿದೆ. ಅದೇ ಅಯಾನಿಕ್ 6ಕ್ಕೆ 18 ಇಂಚಿನ ಚಕ್ರದ ಬದಲು ಅಂದಕ್ಕೆಂದು 20 ಇಂಚಿನ ಚಕ್ರ ಹಾಕಿದಾಗ ಓಟ 305 ಮೈಲಿಗೆ ಕುಸಿಯಿತು, ಅಂದರೆ ಹೆಚ್ಚುಕಡಿಮೆ ಕ್ರಾಸ್‌ಓವರ್‌ನ ಮಟ್ಟಕ್ಕೆ. ಎಂಜಿನಿಯರುಗಳು ಮೈಯನ್ನು ಅಷ್ಟು ನಯವಾಗಿ ತೀಡಿ ಗಳಿಸಿದ್ದನ್ನು ಚಕ್ರದ ಷೋಕಿ ನುಂಗಿಹಾಕಿತು.

ಬೆಂಗಳೂರಿನ ವೇಗವಂತೂ ಆ 40ನ್ನೂ ಮುಟ್ಟುವುದಿಲ್ಲ. ವಾಹನ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಪಟ್ಟಿಯ ಪ್ರಕಾರ ಇಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಅಂದರೆ ಗಂಟೆಗೆ ಹದಿನೇಳು ಹದಿನೆಂಟು ಕಿಲೋಮೀಟರ್. ಸೈಕಲ್ ತುಳಿಯುವವರು ನಾಚಬೇಕಾಗಿಲ್ಲದ ವೇಗ. ಈ ಲೆಕ್ಕದಲ್ಲಿ ಊರೊಳಗೆ ನೂರು ಕಿಲೋಮೀಟರ್ ಮುಗಿಸಲು ಆರು ಗಂಟೆಯ ಹತ್ತಿರ ಹಿಡಿಯುತ್ತದೆ. ಆರು ಗಂಟೆ ಎ.ಸಿ. ಓಡುತ್ತದೆ. ಅದು ಅರ್ಧದಿಂದ ಒಂದು ಕಿಲೋವ್ಯಾಟ್ ಎಳೆದರೂ ಮೂರರಿಂದ ಆರು ಯೂನಿಟ್ ಹೋಯಿತು. ಎ.ಸಿ. ದುಡಿಯುವುದು ಗಂಟೆಯ ಲೆಕ್ಕಕ್ಕೆ, ಕಿಲೋಮೀಟರಿನ ಲೆಕ್ಕಕ್ಕಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಕಾರಿಗೆ ಸೆಡಾನ್ ಮೈ ಇದ್ದರೇನು, ಪೆಟ್ಟಿಗೆಯ ಮೈ ಇದ್ದರೇನು? ಅಲ್ಲಿ ಬ್ಯಾಟರಿಯನ್ನು ಹೀರುವುದು ನೆತ್ತಿಯ ಮೇಲಿನ ಗಾಜಿನ ಛಾವಣಿಯಿಂದ ಇಳಿಯುವ ಬಿಸಿಲು, ತಣಿಸಬೇಕಾದ ಒಳಾಂಗಣದ ಗಾತ್ರ. ಗಾಳಿಯ ಅಂಕಿಯನ್ನು ವಿಚಾರಿಸುವಷ್ಟೇ ಆಸ್ಥೆಯಿಂದ ಛಾವಣಿಗೆ ಒಳಪರದೆ ಇದೆಯೇ ಎಂದು ವಿಚಾರಿಸುವುದು ಊರಿನ ಕಾರಿಗೆ ಹೆಚ್ಚು ಉಪಯುಕ್ತ.

ಹಾಗಾದರೆ ಊರು ಬಿಟ್ಟು ಹೊರಗೆ ಹೋಗುವುದೇ ಇಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ವಾರವಾರವೂ ಓಡುವ ಮನೆಗಳಿವೆ. ವಾರಕ್ಕೊಮ್ಮೆ ಹೋಗಿಬರುವವರಿಗೆ ಸೆಡಾನ್‌ನ ಮೂರು ಯೂನಿಟ್ ಉಳಿತಾಯ ನಿಜವಾದ ಉಳಿತಾಯವೇ. ದಾರಿಬದಿಯ ವೇಗದ ಚಾರ್ಜರಿನಲ್ಲಿ ಮನೆಯ ದರದ ಎರಡು ಮೂರು ಪಟ್ಟು ಕೊಡಬೇಕಾದಾಗ ಇನ್ನೂ ನಿಜ. ನಡುದಾರಿಯಲ್ಲಿ ಒಮ್ಮೆ ಚಾರ್ಜಿಗೆ ನಿಲ್ಲುವುದು ತಪ್ಪಿದರೆ ಅದಕ್ಕೂ ಬೆಲೆಯಿದೆ. ಅಂಥವರು ಸೆಡಾನ್ ಕೊಳ್ಳುವುದು ಸರಿ. ಆದರೆ ಅವರು ಕೊಳ್ಳುತ್ತಿರುವುದು ಎಲ್ಲ ಅರ್ಥದಲ್ಲೂ ಮೊದಲನೇ ಕಾರನ್ನು, ಎರಡನೆಯದನ್ನಲ್ಲ. ಹೆದ್ದಾರಿಗೆಂದೇ ಮನೆಯಲ್ಲಿ ಇನ್ನೊಂದು ಕಾರು ಇರುವಾಗ, ವರ್ಷದಲ್ಲಿ ನಾಲ್ಕು ಬಾರಿ ಸಿಗುವ ಗಾಳಿಯ ಲಾಭಕ್ಕಾಗಿ ಉಳಿದ ದಿನಗಳೆಲ್ಲ ಹೊಂದಿಕೊಂಡು ಬದುಕುವುದು ವ್ಯವಹಾರ ಬಲ್ಲವರ ಮಾತಾಗದು.

ಹೊಂದಿಕೊಳ್ಳುವುದು ಎಂದರೆ ಏನೆಂದು ತಿಳಿಯಲು ನಮ್ಮ ಮಾರುಕಟ್ಟೆಗೆ ಬಂದ ವಿದ್ಯುತ್ ಸೆಡಾನ್‌ಗಳನ್ನೇ ನೋಡಬೇಕು. ಈ ಸಾಲಿನ ಮೊದಲಿಗರು ಮಹೀಂದ್ರ ಇ–ವೆರಿಟೊ, ಟಾಟಾ ಟಿಗೋರ್. ಎರಡೂ ಪೆಟ್ರೋಲ್, ಡೀಸೆಲ್ ಕಾರುಗಳಾಗಿ ಹುಟ್ಟಿ ಆಮೇಲೆ ಬ್ಯಾಟರಿ ಹೊತ್ತವು; ಕೇಂದ್ರದ ಇಇಎಸ್ಎಲ್ ಸಂಸ್ಥೆ 2017ರಲ್ಲಿ ಕರೆದ ಹತ್ತು ಸಾವಿರ ಕಾರುಗಳ ಟೆಂಡರ್ ಮೂಲಕ ಸರ್ಕಾರಿ ಕಚೇರಿಗಳಿಗೆ ಹೋದವು. ಟಿಗೋರ್‌ನ ಉದ್ದ ನಾಲ್ಕು ಮೀಟರಿಗೆ ಏಳು ಮಿಲಿಮೀಟರ್ ಕಡಿಮೆ. ಈ ಕಟ್ಟುನಿಟ್ಟಿನ ಹಿಂದಿರುವುದು ತೆರಿಗೆ: ನಾಲ್ಕು ಮೀಟರಿನೊಳಗಿನ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ, ಹಾಗಾಗಿ ಸೆಡಾನ್‌ನ ಬಾಲವನ್ನು ಮೊಟಕುಗೊಳಿಸಿದರು. ವಿದ್ಯುತ್ ಕಾರಿಗೆ 2019ರ ಆಗಸ್ಟ್‌ನಿಂದ ಉದ್ದ ಎಷ್ಟಿದ್ದರೂ ಜಿಎಸ್‌ಟಿ ಶೇ 5 ಮಾತ್ರ. ಆದರೂ ಹಳೆಯ ಅಂಗಿಯೇ ಮೈಮೇಲೆ ಉಳಿಯಿತು. ಪೆಟ್ರೋಲ್ ಟಿಗೋರ್‌ನಲ್ಲಿ 419 ಲೀಟರ್ ಇದ್ದ ಡಿಕ್ಕಿ, ಬ್ಯಾಟರಿ ಜಾಗ ಬೇಡಿದ್ದರಿಂದ ವಿದ್ಯುತ್ ಟಿಗೋರ್‌ನಲ್ಲಿ 316ಕ್ಕೆ ಇಳಿಯಿತು. ಅದೇ ಕಂಪನಿಯ ಪಂಚ್ ಇವಿ ಅದಕ್ಕಿಂತ ಗಿಡ್ಡ, 3,857 ಮಿಲಿಮೀಟರ್. ಡಿಕ್ಕಿ ಮಾತ್ರ 366 ಲೀಟರ್. ಸಾಮಾನಿಗೆ ಸೆಡಾನೇ ಬೇಕು ಎಂಬ ನಮ್ಮ ಹಳೆಯ ನಂಬಿಕೆ ಇಲ್ಲಿ ಬಿದ್ದುಹೋಗುತ್ತದೆ. ಕ್ರಾಸ್‌ಓವರ್‌ನ ಹಿಂಬಾಗಿಲು ಛಾವಣಿಯವರೆಗೆ ತೆರೆಯುವುದರಿಂದ ಗ್ಯಾಸ್ ಸಿಲಿಂಡರನ್ನೋ ಮಡಚಿದ ವೀಲ್‌ಚೇರನ್ನೋ ಒಳಗೆ ಸೇರಿಸುವುದೂ ಸುಲಭ.

ವಿದ್ಯುತ್ ಕಾರಾಗಿಯೇ ಹುಟ್ಟಿದ ಸೆಡಾನ್ ಬೇಕೆಂದರೆ ಬೆಲೆ ಒಮ್ಮೆಲೇ ಜಿಗಿಯುತ್ತದೆ. 2024ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದ ಬಿವೈಡಿ ಸೀಲ್ 41 ಲಕ್ಷ ರೂಪಾಯಿಯಿಂದ ಶುರುವಾಯಿತು. ಅದು ಸೊಗಸಾದ ಕಾರು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಉದ್ದ 4.8 ಮೀಟರ್, ನೆಲದಿಂದ ಹೊಟ್ಟೆಗೆ ಅಂತರ 145 ಮಿಲಿಮೀಟರ್. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ ಸಾಮಾನ್ಯವಾಗಿ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಅದರಲ್ಲಿ ಈ ಕಾರು ನಿಂತ ಮೇಲೆ ಹಿಂದುಮುಂದು ಸೇರಿ ಒಂದು ಗೇಣು ಉಳಿದರೆ ಹೆಚ್ಚು. ಮೂವತ್ತು–ನಲವತ್ತರ ಸೈಟಿನ ಮನೆಯಲ್ಲಿ ಮೊದಲ ಕಾರಿನ ಪಕ್ಕಕ್ಕೆ ಇದನ್ನು ಹೊಗಿಸುವುದಂತೂ ದಿನದಿನದ ಸರ್ಕಸ್ಸು. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ಮೂಲಕ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರಷ್ಟು ಜೀವಿತಾವಧಿ ತೆರಿಗೆಯನ್ನೂ ಹಾಕಲಾಯಿತು. ತೆರಿಗೆಯ ನಿಯಮ ಬದಲಾಗುತ್ತಲೇ ಇರುವುದರಿಂದ ಕೊಳ್ಳುವ ದಿನದ ದರ ವಿಚಾರಿಸಿಕೊಳ್ಳಬೇಕು. ಆದರೂ ಎರಡನೇ ಕಾರಿಗೆ ಮೊದಲನೆಯದರ ಎರಡು ಪಟ್ಟು ಹಣ ಸುರಿಯುವುದು ಯಾವ ಉಳಿತಾಯದ ಲೆಕ್ಕಕ್ಕೂ ಒಗ್ಗದು.

ಇನ್ನು ಕೂರುವ ವಿಚಾರ. ವಿದ್ಯುತ್ ಕಾರಿನಲ್ಲಿ ಬ್ಯಾಟರಿ ಹಾಸುಗಲ್ಲಿನಂತೆ ನೆಲದಡಿಯಲ್ಲಿ ಮಲಗಿರುತ್ತದೆ. ಕ್ರಾಸ್‌ಓವರ್‌ನಲ್ಲಿ ನೆಲ ಎತ್ತರವಾದಷ್ಟೂ ಸೀಟನ್ನು ಎತ್ತರಿಸಿ, ಛಾವಣಿಯನ್ನೂ ಎತ್ತರಿಸಿ ಸರಿದೂಗಿಸಬಹುದು. ಸೆಡಾನ್‌ನಲ್ಲಿ ಛಾವಣಿ ತಗ್ಗಾಗಿಯೇ ಇರಬೇಕು, ಇಲ್ಲದಿದ್ದರೆ ಗಾಳಿಯ ಲಾಭವೇ ಇಲ್ಲ. ಪರಿಣಾಮವಾಗಿ ನೆಲ ಮೇಲೆ ಬರುತ್ತದೆ, ಸೀಟು ಕೆಳಗೇ ಉಳಿಯುತ್ತದೆ; ಹಿಂದೆ ಕೂತವರ ಮೊಣಕಾಲು ಎದೆಯತ್ತ ಏರಿ ತೊಡೆಗೆ ಆಸರೆ ತಪ್ಪುತ್ತದೆ. ಮಂಡಿನೋವಿನ ಹಿರಿಯರಿಗೆ ಇದು ಸಣ್ಣ ಸಂಗತಿಯಲ್ಲ. ತಗ್ಗಿನ ಸೀಟಿಗೆ ಇಳಿಯುವಾಗ ಕುಸಿಯಬೇಕು, ಏಳುವಾಗ ಯಾರಾದರೂ ಕೈ ಕೊಡಬೇಕು. ಸೊಂಟದ ಮಟ್ಟದ ಸೀಟಿಗೆ ಪಕ್ಕಕ್ಕೆ ಸರಿದು ಕೂತರಾಯಿತು. ಸೆಡಾನ್ ರಸ್ತೆಗೆ ಅಂಟಿಕೊಂಡು ಓಡುತ್ತದೆ, ತಿರುವಿನಲ್ಲಿ ಎತ್ತರದ ಕಾರಿನಂತೆ ವಾಲುವುದಿಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅದು ಇಂದಿಗೂ ಸತ್ಯ. ಆದರೆ ನೂರಾರು ಕಿಲೋ ತೂಕದ ಬ್ಯಾಟರಿ ನೆಲದಡಿಯೇ ಇರುವುದರಿಂದ ವಿದ್ಯುತ್ ಕ್ರಾಸ್‌ಓವರ್‌ನ ಭಾರವೂ ತಳದಲ್ಲೇ ಕೂತಿರುತ್ತದೆ; ಪೆಟ್ರೋಲ್ ಕಾರುಗಳ ಕಾಲದಲ್ಲಿ ಈ ಎರಡರ ನಡುವೆ ಇದ್ದ ಅಂತರ ಈಗ ಸಾಕಷ್ಟು ಕಿರಿದಾಗಿದೆ.

ನಮ್ಮ ರಸ್ತೆಗಳೂ ಈ ವಾದದಲ್ಲಿ ಪಾಲುದಾರರೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿದ್ದು ಮೆಲ್ಲನೆ ಏರಿ ಮೆಲ್ಲನೆ ಇಳಿಯಬೇಕು. ಬಡಾವಣೆಯವರು ರಾತ್ರೋರಾತ್ರಿ ಸಿಮೆಂಟು ಸುರಿದು ಎಬ್ಬಿಸುವ ಗೋಡೆಗಳಿಗೆ ಆ ಮಾರ್ಗಸೂಚಿ ಗೊತ್ತಿಲ್ಲ. ಐದು ಜನ ಕೂತಾಗ ಸೀಲ್‌ನಂಥ ಸೆಡಾನ್‌ನ 145 ಮಿಲಿಮೀಟರ್ ಇನ್ನೂ ತಗ್ಗುತ್ತದೆ. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಉದ್ದವಾದಷ್ಟೂ ಹೊಟ್ಟೆ ಉಜ್ಜುವ ಭಯ ಹೆಚ್ಚು. ಪೆಟ್ರೋಲ್ ಕಾರಿನ ಹೊಟ್ಟೆ ಉಜ್ಜಿದರೆ ಸೈಲೆನ್ಸರ್ ಬದಲಿಸಿದರೆ ಮುಗಿಯಿತು. ಇಲ್ಲಿ ಕೆಳಗಿರುವುದು ಇಡೀ ಕಾರಿನಲ್ಲೇ ದುಬಾರಿಯಾದ ಭಾಗ. ಮಳೆನೀರಿನ ವಿಚಾರದಲ್ಲಿ ಮಾತ್ರ ಕ್ರಾಸ್‌ಓವರ್‌ನವರು ಬೀಗಬಾರದು. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಹೊರವರ್ತುಲ ರಸ್ತೆಯ ಸುತ್ತ ನೀರು ನುಗ್ಗಿದಾಗ ಎತ್ತರದ ಕಾರು, ತಗ್ಗಿನ ಕಾರು ಎಂಬ ಭೇದ ಉಳಿಯಲಿಲ್ಲ. ಐದು ಸೆಂಟಿಮೀಟರ್ ಹೆಚ್ಚಿನ ಎತ್ತರ ಗುಂಡಿ ದಾಟಿಸೀತು, ಹೊಳೆ ದಾಟಿಸದು.

ಕ್ರಾಸ್‌ಓವರ್ ಮೇಲಿರುವ ಅತ್ಯಂತ ಗಟ್ಟಿ ಆಕ್ಷೇಪ ಕೊಳ್ಳುವವರದಲ್ಲ, ರಸ್ತೆಯಲ್ಲಿ ನಡೆಯುವವರದು. ಕಾರುಗಳು ವರ್ಷದಿಂದ ವರ್ಷಕ್ಕೆ ಊದಿಕೊಳ್ಳುತ್ತಿವೆ, ಮೂತಿ ಎತ್ತರವಾಗುತ್ತಿದೆ, ಅದರ ಬೆಲೆ ತೆರುವವರು ಪಾದಚಾರಿಗಳು. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಾನೆಟ್‌ನ ಅಂಚು ನೆಲದಿಂದ 40 ಇಂಚಿಗೂ ಮೇಲಿರುವ ವಾಹನಗಳು ಪಾದಚಾರಿಗೆ ಬಡಿದಾಗ ಸಾವಿನ ಸಂಭವ, 30 ಇಂಚಿನೊಳಗಿನ ಇಳಿಜಾರು ಮೂತಿಯ ಕಾರುಗಳಿಗಿಂತ ಸುಮಾರು ಶೇ 45 ಹೆಚ್ಚು. ಫುಟ್‌ಪಾತ್ ಇದ್ದೂ ಇಲ್ಲದ ನಮ್ಮ ಊರುಗಳಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ. ಈ ಆಕ್ಷೇಪವನ್ನು ಪೂರ್ತಿ ಒಪ್ಪಿಕೊಂಡೇ ಹೇಳಬೇಕಾದ ಮಾತೆಂದರೆ, ಇದು ಎತ್ತರದ ಸೀಟಿನ ಮೇಲಿನ ದೂರಲ್ಲ, ಎತ್ತರದ ಮೂತಿಯ ಮೇಲಿನ ದೂರು. ವಿದ್ಯುತ್ ಕಾರಿನ ಮುಂಭಾಗದಲ್ಲಿ ದೊಡ್ಡ ಎಂಜಿನ್ ಇಲ್ಲದಿರುವುದರಿಂದ ಗಿಡ್ಡ, ಇಳಿಜಾರು ಮೂತಿ ಕೊಡಲು ಅಡ್ಡಿಯೇನಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಎಂಜಿ ವಿಂಡ್ಸರ್ ಅಂಥ ಮೈಕಟ್ಟಿನದು: ಉದ್ದ 4.3 ಮೀಟರಿನೊಳಗೆ, ಮೊಟ್ಟೆಯಂಥ ಮೂತಿ, ಕಾಲು ಚಾಚಿ ಕೂರುವಷ್ಟು ಹಿಂಬದಿ ಜಾಗ. ಜೀಪಿನ ವೇಷ ತೊಟ್ಟ ಎರಡು ಟನ್ನಿನ ವಾಹನ ಊರಿನ ಎರಡನೇ ಕಾರಾಗಲು ಯಾವ ಸಮರ್ಥನೆಯೂ ಇಲ್ಲ. ಸೆಡಾನ್ ಪರ ವಾದಿಸುವವರ ಮೂಲ ಆಶಯ ಮಿತವ್ಯಯವಾದರೆ, ಅದು ಈಡೇರುವುದು ಊರಿನಲ್ಲಿ ಗಾತ್ರ ಕುಗ್ಗಿಸುವುದರಿಂದ.

ಬ್ಯಾಟರಿಯ ವಿಷಯದಲ್ಲೂ ಇದೇ ಮಾತು. ದಿನಕ್ಕೆ 40 ಕಿಲೋಮೀಟರ್ ಓಡುವ ಕಾರಿಗೆ ಬೇಕಾಗುವುದು ದಿನಕ್ಕೆ ಆರು ಯೂನಿಟ್. ಮನೆಯ 15 ಆಂಪ್ ಪ್ಲಗ್ಗಿಗೆ ಹಾಕಿದರೆ ಎರಡು ಮೂರು ಗಂಟೆಯ ಕೆಲಸ. 30 ಯೂನಿಟ್ ಆಸುಪಾಸಿನ ಬ್ಯಾಟರಿ ಇದ್ದರೂ ನಾಲ್ಕೈದು ದಿನ ನಡೆಯುತ್ತದೆ; 80 ಯೂನಿಟ್ಟಿನದನ್ನು ಹೊತ್ತು ತಿರುಗುವುದು ತರಕಾರಿ ತರಲು ಲಾರಿ ಕೊಂಡೊಯ್ದಂತೆ. ಚಾರ್ಜಿನ ಲೆಕ್ಕದಲ್ಲಿ ನಮ್ಮ ರಾಜ್ಯದವರು ಮರೆಯಬಾರದ ಒಂದು ಅಂಶವೂ ಇದೆ. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತಿಗೆ ತಿಂಗಳಿಗೆ 200 ಯೂನಿಟ್ಟಿನ ಮೇಲ್ಮಿತಿಯಿದೆ, ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಾರಿನ 120 ಯೂನಿಟ್ ಮನೆಯ ಮೀಟರಿಗೆ ಸೇರಿದರೆ ಹಲವು ಮನೆಗಳು ಆ ಗೆರೆ ದಾಟುತ್ತವೆ. ಆಗ ಕಾರಿನ ಖರ್ಚಿಗೆ ಮನೆಯ ಇಡೀ ಬಿಲ್ಲನ್ನೂ ಕೂಡಿಸಿ ನೋಡಬೇಕಾಗುತ್ತದೆ. ಕಾರಿಗೆಂದೇ ಬೇರೆ ಮೀಟರ್ ಹಾಕಿಸಿಕೊಳ್ಳುವುದು ಇದಕ್ಕಿರುವ ದಾರಿ. ಸೆಡಾನೋ ಕ್ರಾಸ್‌ಓವರೋ ಎಂಬ ಆಯ್ಕೆ ತರುವ ಮೂರೂವರೆ ರೂಪಾಯಿಗಿಂತ ಈ ಮೀಟರಿನ ತೀರ್ಮಾನ ತಿಂಗಳ ಖರ್ಚನ್ನು ಹೆಚ್ಚು ಏರಿಳಿಸೀತು.

ಬೆಂಗಳೂರಿಗೆ ಈ ಪಾಠ ಹೊಸದೇನಲ್ಲ. ಚೇತನ್ ಮೈನಿ ಅವರ ಸಂಸ್ಥೆ 2001ರಲ್ಲಿ ಇದೇ ಊರಿನಿಂದ ರೇವಾ ಕಾರನ್ನು ರಸ್ತೆಗಿಳಿಸಿತು. ಉದ್ದ 2.6 ಮೀಟರ್, ಎರಡು ಬಾಗಿಲು, ಒಂದು ಚಾರ್ಜಿಗೆ 80 ಕಿಲೋಮೀಟರ್ ಆಸುಪಾಸು. ನೋಡಿದವರು ಆಟದ ಸಾಮಾನು ಎಂದು ನಕ್ಕರು. ಅದರ ದೌರ್ಬಲ್ಯಗಳೂ ಅನೇಕ ಇದ್ದವು. ಆದರೆ ಊರೊಳಗಿನ ಓಡಾಟಕ್ಕೆ ಉದ್ದ ಕುಗ್ಗಿಸಿ, ಬೆನ್ನು ನೆಟ್ಟಗೆ ಮಾಡಿ ಕೂರಿಸಬೇಕು ಎಂಬ ಅದರ ಎಣಿಕೆ ಸರಿಯಾಗಿಯೇ ಇತ್ತು. ಇಂದಿನ ಸಣ್ಣ ಕ್ರಾಸ್‌ಓವರ್ ಅದೇ ಎಣಿಕೆಗೆ ನಾಲ್ಕು ಬಾಗಿಲು, ಏರ್‌ಬ್ಯಾಗು, ಸಾಕಷ್ಟು ದೊಡ್ಡ ಬ್ಯಾಟರಿ ಸೇರಿಸಿದ ರೂಪ.

ಈ ವಾದವನ್ನು ಯಾರೂ ನಂಬಿಕೆಯ ಮೇಲೆ ಒಪ್ಪಬೇಕಿಲ್ಲ, ಮನೆಯಲ್ಲೇ ಪರೀಕ್ಷಿಸಬಹುದು. ಈಗಿರುವ ಕಾರಿನಲ್ಲಿ ನಾಲ್ಕು ವಾರ ಒಂದು ಚೀಟಿ ಇಡಿ. ಪ್ರತಿ ಓಟಕ್ಕೂ ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ ಎಂದು ಬರೆಯಿರಿ. ಅರ್ಧಕ್ಕಿಂತ ಹೆಚ್ಚು ದೂರ 80ರ ವೇಗದ ಮೇಲೆ ಸಾಗಿದ್ದರೆ ಸೆಡಾನ್ ನಿಮ್ಮ ಕಾರು, ಈ ಲೇಖನವನ್ನು ಮಡಚಿಡಬಹುದು. ಹಾಗಿಲ್ಲದಿದ್ದರೆ ಒಂದು ಅಳತೆ ಟೇಪನ್ನೂ ಮನೆಯ ಹಿರಿಯರೊಬ್ಬರನ್ನೂ ಷೋರೂಮಿಗೆ ಕರೆದೊಯ್ಯಿರಿ. ಟೇಪು ಉದ್ದ ಹೇಳುತ್ತದೆ. ಹಿರಿಯರು ಹಿಂದಿನ ಸೀಟಿನಿಂದ ಯಾರ ಕೈಯನ್ನೂ ಹಿಡಿಯದೆ ಎದ್ದು ಬಂದರೆ, ಉಳಿದದ್ದನ್ನು ಅವರೇ ಹೇಳಿದಂತಾಯಿತು.